ದ್ರಾಕ್ಷಾರಿಷ್ಟದ ರುಚಿ

ನಾನು ಮದುವೆಯಾಗಿ ಅವಿನಾಶಿ ಪಟ್ಟಣದ ಹತ್ತಿರದ ಹಳ್ಳಿಗೆ ಬಂದಾಗ ಎಲ್ಲೆಡೆ ಮದ್ಯಪಾನ ನಿಷೇಧವಿತ್ತು. ಆದರೂ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ದ್ರಾಕ್ಷಿ ಹುದುಗುತ್ತಿತ್ತು. ನನ್ನ ಮಾವ, ಅಂದರೆ ನಿಮ್ಮ ಮುತ್ತಜ್ಜ, ನಾಟಿ ವೈದ್ಯರು. ಒಣದ್ರಾಕ್ಷಿ ಕುದಿಸಿ, ಬೆಲ್ಲ, ಲವಂಗ, ಹುದುಗು ಬರಿಸುವ ಧಾತಕಿ ಹೂ ಸೇರಿಸಿ ಮಣ್ಣಿನ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಹುಲ್ಲಿನ ನಡುವೆ ಇಡುತ್ತಿದ್ದರು. ಅದೇ ದ್ರಾಕ್ಷಾರಿಷ್ಟ. ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ ಊಟದ ಮೇಲೆ ಒಂದು ಸಣ್ಣ ಬಟ್ಟಲು. ನೀವು ವೈನ್ ಅನ್ನುವುದೂ ಹೆಚ್ಚುಕಡಿಮೆ ಇದೇ ಎಂದು ನಿಮ್ಮಲ್ಲೊಬ್ಬರು ಹೇಳಿದಾಗ ನನಗೆ ನಗು ಬಂತು.

ಜಾಡಿ ತೆರೆದಾಗ ಯಾರಾದರೂ ರುಚಿ ನೋಡಿ ಹೇಳಬೇಕು. ನಶ್ಯ ಹಾಕಿ ಹಾಕಿ ಮಾವನ ಮೂಗು ಸತ್ತುಹೋಗಿತ್ತು. ಅತ್ತೆಯ ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಹೊಗೆಸೊಪ್ಪು. ಆ ಕೆಲಸ ನನಗೆ ಬಂತು. ಆದರೆ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾನು ಬಾಗಿಲ ಹಿಂದಿನಿಂದ ಅತ್ತೆಗೆ ಪಿಸುಗುಟ್ಟಬೇಕು, ಅತ್ತೆ ಅದನ್ನು ಜಗಲಿಯಲ್ಲಿ ಕೂತ ಮಾವನಿಗೆ ಹೇಳಬೇಕು.

ಮೊದಮೊದಲು ಸಿಹಿ, ಹುಳಿ, ಒಗರು ಬಿಟ್ಟು ಬೇರೆ ಮಾತೇ ಹೊರಡುತ್ತಿರಲಿಲ್ಲ. ಮಾವ ಬಿಡುತ್ತಿರಲಿಲ್ಲ.

"ಎಂಥಾ ಹುಳಿ ಅಂತ ಕೇಳು. ಹುಣಸೆದಾ, ನಿಂಬೆದಾ, ಹಳಸಿದ್ದಾ?"

ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ ಎಂದೆ. ಕೊನೆಯಲ್ಲಿ ಬಳಪದ ರುಚಿ ಎಂದೆ. ಶಾಲೆಯಲ್ಲಿ ಬಳಪ ಕಚ್ಚಿ ತಿಂದವಳಿಗೆ ಅದು ಗೊತ್ತು. ನಮ್ಮ ಮೇಲಿನ ಬಾವಿ ಸುಣ್ಣಕಲ್ಲಿನ ನೆಲದ್ದು; ಆ ನೀರಿನ ರುಚಿ ಅದು. ಮಾವನಿಗೆ ಆ ಮಾತು ಹಿಡಿಸಿತು. ಇನ್ನೊಂದು ವರ್ಷ, ಹುರುಳಿ ಸಾರಿನ ಊಟಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ ಎಂದುಬಿಟ್ಟೆ.

"ಸರಿಹೋಯ್ತು! ಅಮ್ಮಣಿ ಔಷಧಿಗೂ ನೆಂಚ್ಕೊಳ್ಳೋಕೆ ಕೇಳ್ತಾಳೆ," ಎಂದರು ಅತ್ತೆ. ಜಗಲಿಯಲ್ಲಿ ಮಾವ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಮರುವರ್ಷ ನಾದಿನಿ ಹೆರಿಗೆಗೆ ಬಂದಿದ್ದಳು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ, ಗೋಡೆ ಹಿಡಿದು ನಡೆಯುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಅವಳಿಗೆ ಅರಿಷ್ಟ ಶುರುಮಾಡುವುದೆಂದಾಯಿತು. ಜಾಡಿ ಬಿರುಕು ಬಿಟ್ಟು ಸೋರುತ್ತಿತ್ತೆಂದು ಅತ್ತೆ ಹಿಂದಿನ ದಿನವೇ ಎಲ್ಲವನ್ನೂ ಸೋಸಿ ಹಿತ್ತಾಳೆ ಕೊಡಕ್ಕೆ ತುಂಬಿದ್ದರು. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮೊದಲು ದ್ರಾಕ್ಷಿ, ಲವಂಗ, ಆಮೇಲೆ ಬಳಪ. ಅದರ ಹಿಂದೆಯೇ ನಾಲಿಗೆಯ ಅಂಚಿನಲ್ಲಿ ಇನ್ನೊಂದು: ಹಿತ್ತಾಳೆ ಲೋಟದಲ್ಲಿ ಹುಳಿ ಮಜ್ಜಿಗೆ ಬಿಟ್ಟರೆ ಬರುವ ರುಚಿ. ಕೊಡದೊಳಗೆ ಬಗ್ಗಿ ನೋಡಿದೆ. ಒಳಗಿನ ತವರದ ಕಲಾಯಿ ಸವೆದಿತ್ತು; ಹುಳಿ ಬರೀ ಹಿತ್ತಾಳೆಗೆ ತಾಗಿದರೆ ವಿಷ.

"ಅತ್ತೆ, ಕಿಲುಬು ಹಿಡಿದಿದೆ."

"ಮೇಲಿನ ಬಾವಿ ನೀರು ಕಣೇ. ವರ್ಷವೂ ಬಳಪ ಬಳಪ ಅನ್ನೋಳು ನೀನೇ ಅಲ್ವಾ?"

"ಬಳಪ ಬೇರೆ, ಇದು ಬೇರೆ."

"ಏನಂತಾಳೆ?" ಎಂದರು ಮಾವ.

"ಚೆನ್ನಾಗಿದೆಯಂತೆ. ಅದೇ ಕಲ್ಲಿನ ರುಚಿಯಂತೆ."

ಅತ್ತೆ ಬೇಕೆಂದು ಸುಳ್ಳು ಹೇಳಿದ್ದಲ್ಲ. ಹೊಗೆಸೊಪ್ಪಿನ ಬಾಯಿಗೆ ಎರಡೂ ಒಂದೇ.

"ಹಾಗಾದ್ರೆ ಮಗಳಿಗೆ ಒಂದು ಬಟ್ಟಲು ಕೊಡು."

ಅತ್ತೆ ಬಟ್ಟಲು ತುಂಬಿಕೊಂಡು ನಾದಿನಿಯ ಕೋಣೆಗೆ ಹೊರಟರು. ಹೊಸಿಲು ದಾಟಿ ಜಗಲಿಗೆ ಬಂದೆ. ಕಂಬದ ಕಡೆ ನೋಡುತ್ತ, "ಮಾವ, ಬಳಪ ಅಲ್ಲ, ಕಿಲುಬು. ಕುಡಿಸಬೇಡಿ" ಎಂದೆ.

ಮಾವ ತಲೆ ಎತ್ತಲಿಲ್ಲ. "ಅದನ್ನ ಕೊಡಬೇಡ, ಇತ್ತ ತಾ!" ಎಂದು ಒಳಗೆ ಕೂಗಿದರು. ಕೊಡವನ್ನು ಬೆಳಕಿಗೆ ವಾಲಿಸಿದಾಗ ಕಂಠದೊಳಗೆ ಹಸಿರು ಗೀರುಗಳು ಕಂಡವು. ಅಷ್ಟನ್ನೂ ತಿಪ್ಪೆಗೆ ಸುರಿಸಿದರು.

"ಅಬ್ಬಾ, ಬಾಯಿ ಇತ್ತಾ ನಿಂಗೆ?" ಎಂದರು ಅತ್ತೆ. ಬೈಗುಳವೋ ಮೆಚ್ಚುಗೆಯೋ ನನಗೆ ತಿಳಿಯಲಿಲ್ಲ. ಆಮೇಲೆ ಮಗಳ ಕೋಣೆಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂತರು.

ಸಂಜೆ ಮಾವ ಪಕ್ಕದ ಊರಿನ ವೈದ್ಯರಲ್ಲಿಗೆ ತಾವೇ ಹೋಗಿ ಒಂದು ಸೀಸೆ ತಂದರು. ಅತ್ತೆಯ ಕೈಗೆ ಕೊಡದೆ ಹೊಸಿಲ ಮೇಲೆ ನನ್ನ ಹತ್ತಿರ ಇಟ್ಟರು.

"ನೋಡಿ ಹೇಳು ಅಮ್ಮಣಿ."

ನಾನು ನಾಲಿಗೆಯ ಮೇಲೆ ಇಟ್ಟುಕೊಂಡು ತಡೆದು ನುಂಗಿದೆ.

"ಹಣ್ಣಿನ ರುಚಿ ಇದೆ, ಮಾವ. ಬೆಲ್ಲ ಸ್ವಲ್ಪ ಮುಂದು. ಬೇರೇನೂ ಇಲ್ಲ."

"ಕುಡಿಸಬಹುದಾ?"

"ಕುಡಿಸಬಹುದು."

ಅತ್ತೆ ಬಟ್ಟಲು ತೊಳೆದು ತಂದು, ತುಂಬಿಕೊಡೆಂದು ನನ್ನ ಮುಂದೆ ಹಿಡಿದರು.