ಎರಡು ಬೆರಳು ಮೋಟು

ನನ್ನ ಸೋದರಮಾವ ದರ್ಜಿ. ಗಿರಾಕಿ ಎಷ್ಟೇ ಅವಸರ ಮಾಡಲಿ, ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಕತ್ತರಿ ಆಡಿಸಿದವರಲ್ಲ. "ನಾಳೆ ದಪ್ಪ ಆದ್ರೆ ಬಿಚ್ಕೋಬಹುದಲ್ಲ" ಎನ್ನುತ್ತಿದ್ದರು. ಹಿತ್ತಲಿನ ಸೀಬೆ ಮರವನ್ನೂ ವರ್ಷಾ ವರ್ಷಾ ಹಾಗೆಯೇ ಸವರಿದರು. ಯಾವ ಕೊಂಬೆಯನ್ನೂ ಬುಡಕ್ಕೆ ಕತ್ತರಿಸದೆ ಎರಡು ಬೆರಳು ಮೋಟು ಬಿಟ್ಟರು. ಮರವೇನು ಹೊಲಿಗೆ ಬಿಚ್ಚಿಕೊಳ್ಳುತ್ತದೆಯೇ ಎಂದು ನಾನು ಕಿಚಾಯಿಸಿದರೆ ಸಿಡುಕುತ್ತಿದ್ದರು.

ಮೋಟುಗಳು ಒಣಗಿ, ನೀರು ಕುಡಿದು, ಕೊಳೆಯತೊಡಗಿದವು. ಒಂದು ಬೆಳಿಗ್ಗೆ ದೊಡ್ಡ ಕೊಂಬೆಯ ಬುಡದಲ್ಲಿದ್ದ ಹಳೆಯ ಮೋಟನ್ನು ಒತ್ತಿ ನೋಡಿದಾಗ ಮಾವನ ಹೆಬ್ಬೆರಳು ಸೀದಾ ಒಳಗಿಳಿಯಿತು. ಅವರು ತಲೆಯೆತ್ತಿ ಕೊಂಬೆಯ ತುದಿಯವರೆಗೂ ನೋಡಿದರು. ಕೊಳೆತ ಬುಡದ ಆ ಕೊಂಬೆ ಚಾಚಿಕೊಂಡಿದ್ದದ್ದು ಹಿಂದಿನ ಕೋಣೆಯ ತಗಡಿನ ಮೇಲೆ. ತಗಡಿನ ಕೆಳಗೆ, ಸೊಂಟ ಮುರಿದುಕೊಂಡ ಅತ್ತೆ ಮಲಗಿದ್ದರು. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಗಾಳಿ ಆಗಲೇ ಎದ್ದಿತ್ತು.

"ಮಂಚ ಮುಂದಿನ ಕೋಣೆಗೆ ಎಳೀತೀವಿ" ಎಂದರು ಮಾವ.

"ನಾನು ಎಲ್ಲಿಗೂ ಬರಲ್ಲ" ಎಂದರು ಅತ್ತೆ.

"ಕೊಂಬೆ ಮೈಮೇಲೆ ಬಿದ್ರೆ ಏನೇ ಗತಿ?"

"ಬೀಳದ ಹಾಗೆ ಕತ್ತರಿಸಿ. ಅದೇ ತಾನೆ ನಿಮ್ಮ ಕೆಲಸ?"

ಮಂಚಕ್ಕೆ ಕೈ ಹಾಕಿದರೆ ಮನೆ ಹಾರಿಹೋಗುವಂತೆ ಕೂಗಿದರು. ಇಂಥ ಹಟಮಾರಿ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಣಿಯನ್ನು ಮರಕ್ಕೆ ಬಿಗಿದು ಕಟ್ಟಿ ಮಾವ ಹತ್ತಿದರು. ಕೊಂಬೆಗೆ ಬಿಗಿದ ಹಗ್ಗವನ್ನು ಮೇಲಿನ ಕವಲಿನಿಂದ ಇಳಿಬಿಟ್ಟು ನನ್ನ ಕೈಗೆ ಕೊಟ್ಟರು. ತುದಿಯಿಂದ ತುಂಡು ತುಂಡಾಗಿ ಗರಗಸದಿಂದ ಕುಯ್ದರು. ನಾನು ಒಂದೊಂದನ್ನೇ ಇಳಿಸಿದೆ. ಉಳಿದದ್ದು ಬುಡದ ದಪ್ಪ ತುಂಡೊಂದೇ.

ಗರಗಸ ಅರ್ಧ ಇಳಿದಿತ್ತೋ ಇಲ್ಲವೋ, ಕೊಳೆತ ಬುಡ ಲಟಲಟನೆ ಮುರಿಯಿತು. ಹಗ್ಗ ನನ್ನ ಅಂಗೈ ಸುಲಿದುಕೊಂಡು ಓಡಿತು. ತುಂಡು ತಗಡಿನ ಮೂಲೆಗೆ ಅಪ್ಪಳಿಸಿ ಕೆಳಗೆ ಬಿತ್ತು. ಮಾವ ಏಣಿ ಬಿಟ್ಟು ಮೇಲಿನ ಕವಲನ್ನು ತಬ್ಬಿ ಕುಳಿತಿದ್ದರು. ಒಳಗಿನಿಂದ ಸದ್ದಿಲ್ಲ. ಅತ್ತೆ ಸತ್ತೇಹೋದರು ಎಂದುಕೊಂಡೆ.

"ರೀ! ಕಾಲೆಲ್ಲಿ? ನಿಮ್ಮ ಕಾಲು ಕಾಣ್ತಿಲ್ಲ!"

ನಾನು ಒಳಗೋಡಿದೆ. ಏಳಲಾಗದ ಅತ್ತೆ ಅರ್ಧ ಎದ್ದು ಕಿಟಕಿಯ ಸರಳಿಗೆ ಜೋತುಬಿದ್ದಿದ್ದರು. ಆ ಕಿಟಕಿಯಿಂದ ಕಾಣುವುದು ಕೈಗೆಟಕುವಷ್ಟು ಹತ್ತಿರದಲ್ಲಿದ್ದ ಏಣಿಯ ನಡುಭಾಗ ಮಾತ್ರ. ಅಷ್ಟು ಹೊತ್ತೂ ಅಲ್ಲಿದ್ದದ್ದು ಮಾವನ ಎರಡು ಪಾದ.

"ಮುಂದಿನ ಕೋಣೇಲಿ ಮಲಗಿದ್ರೆ ಇವರು ಬಿದ್ದದ್ದು ನನಗೆ ಹೇಗೆ ಗೊತ್ತಾಗುತ್ತೆ?" ಎಂದು ನನ್ನನ್ನೇ ಗದರಿ ಅಳತೊಡಗಿದರು.

ಮಾವ ತಡವರಿಸುತ್ತಾ ಏಣಿಗೆ ಕಾಲಿಟ್ಟು ಇಳಿದರು. ಪಾದ ಕಿಟಕಿಯ ಮಟ್ಟಕ್ಕೆ ಬಂದದ್ದೇ ತಡ, ಅತ್ತೆ ಸರಳಿನಾಚೆ ಕೈ ಚಾಚಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮಾವ ಬಿಡಿಸಿಕೊಳ್ಳಲಿಲ್ಲ. ಒಂಟಿ ಕಾಲಿನಲ್ಲಿ ಏಣಿಯ ಮೇಲೆಯೇ ನಿಂತರು.