ಮಂಜಿನಲ್ಲಿ ಕಂಡ ಹಳದಿ ಕೋಟು

ದೆವ್ವಗಿವ್ವ ಎನ್ನುವವರನ್ನು ಕಂಡರೆ ಮೊದಲಿನಿಂದಲೂ ನನಗೆ ನಗು. ‘ಸಾಕು ಸುಮ್ನಿರಿ’ ಎಂದು ಎದ್ದು ಹೋಗುತ್ತಿದ್ದವಳು ನಾನು. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಜಾರಿಲ್ಲ.

ನಾವು ಬೆಂಗಳೂರು ಬಿಟ್ಟು ಪರದೇಶದ ಲೆಟರ್‌ಕೆನ್ನಿ ಎಂಬ ಊರಿಗೆ ಬಂದ ಕೆಲವು ವರ್ಷಗಳ ಮೇಲೆ ಒಂದು ಸೋಂಕಿನಿಂದ ನನ್ನ ಒಳಕಿವಿಗಳು ಕೆಟ್ಟವು. ಕಿವಿ ಕೇಳಿಸುತ್ತಿತ್ತು, ಆದರೆ ದೇಹದ ಸಮತೋಲನ ಹೋಯಿತು. ಕಣ್ಣು ಮುಚ್ಚಿದರೆ ಬೀಳುತ್ತಿದ್ದೆ. ಮಗಳಿನ್ನೂ ಅಂಬೆಗಾಲಿಡುವ ಕೂಸು. ಅವಳನ್ನು ಎತ್ತಿಕೊಂಡು ಒಂದು ಹೆಜ್ಜೆಯೂ ಇಡಕೂಡದು ಎಂದರು ಡಾಕ್ಟರು. ಅವಳು ಅತ್ತಾಗ, ಯಾರಾದರೂ ತಂದು ಮಡಿಲಿಗೆ ಹಾಕುವ ತನಕ ಕೂತೇ ಇರಬೇಕು.

ಫಿಸಿಯೋಥೆರಪಿಯ ನೋರಾ ಬೈದೇ ಹೇಳಿಕೊಡುತ್ತಿದ್ದರು: “ನೆಲ ನೋಡಬೇಡ. ದೂರದ ಒಂದು ವಸ್ತುವಿನ ಮೇಲೆ ಕಣ್ಣು ನೆಡು. ಅಕ್ಕಪಕ್ಕದ್ದು ಹಿಂದಕ್ಕೆ ಸರಿಯುವುದು ಕಣ್ಣಂಚಿಗೆ ತಾನಾಗಿ ಕಾಣುತ್ತೆ. ಎತ್ತ ಹೋಗುತ್ತಿದ್ದೀ, ಎಷ್ಟು ಬೇಗ ಅನ್ನೋದು ಅದರಿಂದಲೇ ತಿಳಿಯುತ್ತೆ.” ಬೆಂಗಳೂರಿನ ಫುಟ್‌ಪಾತಿನಲ್ಲಿ ಬೆಳೆದವಳಿಗೆ ನೆಲ ನೋಡದೆ ನಡೆ ಎಂದರೆ ಹೇಗೆ ಸ್ವಾಮಿ? ಎಲ್ಲಿ ಚಪ್ಪಡಿ ಎದ್ದಿದೆಯೋ! ತಿಂಗಳುಗಟ್ಟಲೆ ನನಗದು ಒಗ್ಗಲೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಕಡಲ ದಂಡೆಗೆ ಹೋಗಿದ್ದೆವು. ನನ್ನನ್ನೂ ಮಗುವನ್ನೂ ಚಾಪೆಯ ಮೇಲೆ ಕೂರಿಸಿ, ನನ್ನ ಗಂಡ ರಘು ಹಾಲಿನ ಬಾಟಲಿ ತರಲು ಕಾರಿನತ್ತ ಹೋದ. ನೋಡುನೋಡುತ್ತಲೇ ಮಂಜು ಕವಿಯಿತು. ಕಡಲೂ ಇಲ್ಲ, ಆಕಾಶವೂ ಇಲ್ಲ. ಚಾಪೆ ಒದ್ದೆಯಾದಾಗ ನೀರು ಏರುತ್ತಿದೆಯೆಂದು ತಿಳಿಯಿತು. ರಘುವನ್ನು ಕೂಗಿದೆ, ಉತ್ತರವಿಲ್ಲ. ಮಗುವನ್ನು ಎದೆಗವುಚಿಕೊಂಡು ಎದ್ದರೆ ನೆಲವೇ ವಾಲಿತು. ಕಣ್ಣು ನೆಡಲು ದೂರದಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಎದುರಿಗೆ ಹಳದಿ ಮಳೆಕೋಟು ತೊಟ್ಟ ಯಾರೋ ಬೆನ್ನು ಮಾಡಿ ನಿಂತಿರುವುದು ಕಂಡಿತು. ಕರೆದೆ. ತಿರುಗಲಿಲ್ಲ. ಆ ಹಳದಿಯ ಮೇಲೆ ಕಣ್ಣು ನೆಟ್ಟು ಹೆಜ್ಜೆಯಿಟ್ಟೆ. ಎರಡೂ ಬದಿಯಲ್ಲಿ ಮರಳ ಮೇಲಿನ ಕಪ್ಪು ಪಾಚಿ ಹಿಂದಕ್ಕೆ ಸರಿಯತೊಡಗಿತು. ಅಬ್ಬ, ನಡೆಯುತ್ತಿದ್ದೇನೆ! ಆದರೆ ಎಷ್ಟು ನಡೆದರೂ ಆ ಆಕೃತಿ ಎಳ್ಳಷ್ಟೂ ಹತ್ತಿರವಾಗಲಿಲ್ಲ. ಅವರೂ ನಡೆಯುತ್ತಿದ್ದರೇ ಎಂದರೆ, ಕಾಲು ಆಡಿದ್ದನ್ನು ನಾನು ಕಾಣಲಿಲ್ಲ.

ಮರಳು ಮುಗಿದು ಕಾಲಿಗೆ ಹುಲ್ಲು ತಾಗಿದಾಗ ಎದುರಿಗೆ ಓಡಿ ಬಂದವನು ರಘು.

“ಅಯ್ಯೋ, ಒಬ್ಳೇ ಎತ್ಕೊಂಡ್ ಬಂದ್ಯಾ?”

“ಮುಂದೆ ಹಳದಿ ಕೋಟಿನವರು ಇದ್ರಲ್ಲ, ನೋಡ್ಲಿಲ್ವಾ?”

“ಯಾರೂ ಇರ್ಲಿಲ್ಲ ಕಣೇ. ನಾನು ಅದೇ ದಾರೀಲಿ ತಾನೆ ಬಂದಿದ್ದು?”

ಆಮೇಲೆ ನೋರಾಗೆ ಹೇಳಿದೆ. “ಹೆದರಿದಾಗ ಕಣ್ಣಿಗೆ ಏನು ಬೇಕಾದರೂ ಕಾಣುತ್ತೆ. ನಡೆದೆಯಲ್ಲ, ಗ್ರ್ಯಾಂಡ್!” ಎಂದು ನಕ್ಕರು. ಇರಬಹುದು. ಆದರೆ ನನ್ನ ಕಣ್ಣೇ ಕಟ್ಟಿಕೊಂಡದ್ದಾದರೆ, ದಿಕ್ಕೇ ಕಾಣದ ಆ ಮಂಜಿನಲ್ಲಿ ಅದು ಕಡಲ ಕಡೆ ನಿಲ್ಲದೆ ದಡದ ಕಡೆಗೇ ಹೇಗೆ ನಿಂತಿತು? ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಆ ದಿನ ಮಗುವನ್ನು ಇಸಿದುಕೊಳ್ಳಲು ರಘು ಮುಂದೆ ಬಂದ, ನಾನು ಕೊಡಲಿಲ್ಲ. ಕಾರಿನ ತನಕ ನಾನೇ ಎತ್ತಿಕೊಂಡು ಹೋದೆ.