ಹುಲ್ಡಾ ನೇಯ್ದ ಒರಟು ಬಟ್ಟೆ

ಬೂದಿ ಮುಚ್ಚಿದ ಕೆಂಡ ಕೆದಕಿ ಒಲೆ ಹೊತ್ತಿಸುವುದು. ಬಾವಿಯಿಂದ ನೀರು ಹೊತ್ತು ತರುವುದು. ಹಸುವಿನ ಹಾಲು ಕರೆಯುವುದು. ಹಾಸಿಗೆ ಹಿಡಿದ ತಾಯಿಯ ಉಚ್ಚೆ ಮಡಕೆ ಚೆಲ್ಲಿ ತೊಳೆಯುವುದು, ಅವಳನ್ನು ಮಗ್ಗುಲು ಹೊರಳಿಸಿ ಬೆನ್ನಿಗೆ ಕೊಬ್ಬು ಸವರುವುದು. ಮುಸುಕಿನ ಜೋಳದ ಹಿಟ್ಟು ಕಲಸಿ ರೊಟ್ಟಿ ಬೇಯಿಸುವುದು. ಗಂಡನ ಒದ್ದೆ ಬೂಟುಗಳನ್ನು ಒಲೆಯ ಪಕ್ಕ ಒಣಗಲು ತಿರುಗಿಸಿಡುವುದು. ದಿನದ ನೇಯ್ಗೆಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುವುದು. ಇಷ್ಟು ಮುಗಿಯುವ ಹೊತ್ತಿಗೆ ಉತ್ತರದ ಕಡಲತಡಿಯ ಸೌತ್ ಕಿಂಗ್ಸ್‌ಟೌನಿನಲ್ಲಿ ಬೆಳಗಾಗುತ್ತಿತ್ತು. ಹುಲ್ಡಾಳ ಗಂಡ ಎಲ್ನಾಥನ್ ಎದ್ದು ಬಂದು, "ಇವತ್ತಾದ್ರೂ ಬೇಗ ಕೆಲಸ ಶುರು ಮಾಡು" ಎನ್ನುತ್ತಿದ್ದ. ಅವನ ಪ್ರಕಾರ ಕೆಲಸವೆಂದರೆ ಮಗ್ಗದ್ದು ಮಾತ್ರ. ಅದಕ್ಕಷ್ಟೇ ಗಿರಣಿಯವರು ಕಾಸು ಕೊಡುತ್ತಿದ್ದರು.

ಗಿರಣಿಯ ನೂಲನ್ನು ಮನೆಗೆ ತಂದು ನೇಯ್ದು ಕೊಡುವುದು ನಮ್ಮ ಕಡೆಯ ಹೆಂಗಸರಿಗೆಲ್ಲ ರೂಢಿ. ದಪ್ಪನೆಯ, ಒರಟು ಉಣ್ಣೆಯ ಆ ಬಟ್ಟೆ ಹಡಗು ಹತ್ತಿ ದಕ್ಷಿಣದ ತೋಟಗಳಿಗೆ, ಅಲ್ಲಿನ ಗುಲಾಮರ ಮೈಮೇಲಕ್ಕೆ ಹೋಗುತ್ತಿತ್ತು. ಊರಲ್ಲಿ ಅದಕ್ಕೆ ಕರಿಯರ ಬಟ್ಟೆ ಎಂದೇ ಹೆಸರು. ಮದುವೆಯಾದಾಗಿನಿಂದ ಹುಲ್ಡಾ ಅದನ್ನೇ ನೇಯ್ದಳು. ತೊಡುವವರು ಎಂಥವರು ಎಂದು ಅವಳು ಯೋಚಿಸಿದ್ದಿಲ್ಲ. ಪಕ್ಕದ ಮನೆಯ ವೇಟಿ ನೇಯ್ದ ಅಂಚು ತನ್ನದಕ್ಕಿಂತ ನೇರವಾಗಿದೆಯೇ ಎಂದು ಮಾತ್ರ ಕದ್ದು ನೋಡುತ್ತಿದ್ದಳು.

ಆದರೆ ವೇಟಿಯ ಮೇಲಿನದು ಚಿಲ್ಲರೆ ಹೊಟ್ಟೆಕಿಚ್ಚು. ನಿಜವಾದ ಉರಿ ತಂಗಿ ಸಬ್ರಾಳ ಮೇಲೆ. ಅಪ್ಪ ಕಾಯಿಲೆ ಬಿದ್ದಾಗ ಇಬ್ಬರಲ್ಲಿ ಒಬ್ಬಳು ಮನೆಯಲ್ಲಿ ಉಳಿಯಬೇಕಾಯಿತು. ಹುಲ್ಡಾ ಉಳಿದಳು. ಸಬ್ರಾ ಮಕ್ಕಳಿಗೆ ಪಾಠ ಹೇಳಲು ದಕ್ಷಿಣದ ಚಾರ್ಲ್ಸ್‌ಟನ್ನಿಗೆ ಹೋಗಿ, ಅಲ್ಲಿ ಡೆಲೆಸ್ಟನ್ ಎಂಬ ತೋಟದ ಯಜಮಾನನನ್ನು ಮದುವೆಯಾದಳು. ಅಲ್ಲಿಂದ ಮುಂದೆ ಅವಳ ಕೈ ನೀರು ಮುಟ್ಟಿದ್ದು ಮುಖ ತೊಳೆಯಲು ಮಾತ್ರ. ಬೇಸಿಗೆಯಲ್ಲಿ ದಕ್ಷಿಣದ ಜ್ವರಕ್ಕೆ ಹೆದರಿ ಆ ಶ್ರೀಮಂತರೆಲ್ಲ ಕೊಲ್ಲಿಯಾಚೆಯ ನ್ಯೂಪೋರ್ಟಿಗೆ ಬಂದಿಳಿಯುತ್ತಿದ್ದರು. ಸಬ್ರಾಳೂ ಬರುತ್ತಿದ್ದಳು.

ಸಾವಿರದ ಎಂಟುನೂರ ಇಪ್ಪತ್ತೆಂಟರ ಜುಲೈ ನಾಲ್ಕರಂದು ಅವಳೂ ಗಂಡನೂ ಅಕ್ಕನ ಮನೆಗೆ ಊಟಕ್ಕೆ ಬಂದರು. ದೇಶದ ಹುಟ್ಟುಹಬ್ಬವಾದ್ದರಿಂದ ಎಲ್ನಾಥನ್ ಕಿಟಕಿಗೆ ಬಾವುಟ ಕಟ್ಟಿದ್ದ. ಡೆಲೆಸ್ಟನ್ ಅದನ್ನು ನೋಡಿ ನಕ್ಕ.

"ಇಂಗ್ಲೆಂಡಿನ ಅಗ್ಗದ ಬಟ್ಟೆಗೆ ಸುಂಕ ಜಡಿದು, ನಿಮ್ಮ ಗಿರಣಿ ಬಟ್ಟೆನೇ ನಾವು ಕೊಳ್ಳೋ ಹಾಗೆ ಮಾಡಿದ್ದೀರಿ. ನಮ್ಮ ಜೇಬು ಕತ್ತರಿಸೋಕೆ ಒಂದೇ ದೇಶ ಅಂತ ಹೆಸರು ಬೇರೆ!"

"ಗಿರಣಿ ಬದುಕಿದ್ರೆ ದೇಶ ಬದುಕುತ್ತೆ, ಡೆಲೆಸ್ಟನ್ನವ್ರೇ."

"ನಿಮ್ಮ ದೇಶ ಗಿರಣಿ ಬಾಗಿಲಲ್ಲೇ ಮುಗಿದುಹೋಗುತ್ತೆ ಬಿಡಿ. ಹಿಂಗೇ ನಡೆದ್ರೆ ನಮ್ಮ ದಾರಿ ನಾವು ನೋಡ್ಕೋತೀವಿ."

ಇಷ್ಟೆಲ್ಲ ಜಗಳವಾಡಿ ಕೊನೆಗೆ ಇಬ್ಬರೂ ಎದ್ದುನಿಂತು, ದೇಶ ಒಂದಾಗಿರಲಿ ಎಂದು ಲೋಟ ಎತ್ತಿ ಕುಡಿದರು. ಆ ಲೋಟಗಳನ್ನು ಹುಲ್ಡಾ ತೊಳೆದಳು.

"ನಾನೂ ಒರೆಸಲಾ ಅಕ್ಕಾ?" ಎಂದಳು ಸಬ್ರಾ, ಕೈಗವಸು ಬಿಚ್ಚದೆ.

"ಬೇಡಮ್ಮ. ಕೈಗವಸು ನೆಂದ್ರೆ ಒಗೆಯೋಳು ಯಾರೋ ಇರ್ತಾಳಲ್ಲ, ಪಾಪ, ಅವಳಿಗ್ಯಾಕೆ ಕಷ್ಟ."

ಒಳಕೋಣೆಯಿಂದ ತಾಯಿ ಕೂಗಿದಳು: "ಸಬ್ರಾ, ಬಾ ಇಲ್ಲಿ. ನಿನ್ನ ಕೈ ಎಷ್ಟು ಮೆತ್ತಗಿದೆ! ಹುಲ್ಡಾ ಮುಟ್ಟಿದ್ರೆ ಚರ್ಮ ಕಿತ್ತು ಬರುತ್ತೆ ಕಣೇ."

ಹೊರಡುವಾಗ ಸಬ್ರಾ ಅಕ್ಕನ ಮುಖ ದಿಟ್ಟಿಸಿ, "ನಾವು ಹಡಗು ಹತ್ತೋವರೆಗೂ ನನ್ನ ಬೈನಾನ ಇಲ್ಲಿ ಬಿಟ್ಟಿರ್ತೀನಿ. ಅಮ್ಮನ್ನ ನೋಡ್ಕೋತಾಳೆ. ನೀನೂ ಸ್ವಲ್ಪ ಮಲಗು, ಹೆಣದ ಕಳೆ ಬಂದಿದೆ ನಿಂಗೆ" ಎಂದಳು. ಹುಲ್ಡಾ ಬೇಡವೆನ್ನಬೇಕೆಂದುಕೊಂಡಳು, ಅನ್ನಲಿಲ್ಲ.

ಬೈನಾ ಸಬ್ರಾಳ ಮೈಸೇವೆಗಿದ್ದ ಗುಲಾಮ ಹೆಂಗಸು. ನ್ಯೂಪೋರ್ಟಿನ ಜನರ ಕಣ್ಣಿಗೆ ಚೆಂದ ಕಾಣಲೆಂದು ಹೂವಿನ ಅಂಗಿ ತೊಡುತ್ತಿದ್ದವಳು ಇಲ್ಲಿಗೆ ಬರುವಾಗ ತೋಟದ ಒರಟು ಅಂಗಿಯಲ್ಲಿ ಬಂದಳು. ಹುಲ್ಡಾ ಅದರ ಅಂಚನ್ನು ಮಗುಚಿ ನೋಡಿದಳು. ಕೊನೆಯ ಎಳೆಗಳನ್ನು ಜೋಡಿ ಮಾಡಿ ಬಿಗಿದ ರೀತಿ ತನ್ನದೇ.

"ಇದು ನಾನು ನೇಯ್ದಿದ್ದು!" ಎಂದಳು, ಹಿಗ್ಗಿನಿಂದ.

ಬೈನಾ ಕೊರಳು ಕೆರೆದುಕೊಂಡಳು. ಅಲ್ಲಿ ಕೆಂಪಗೆ ಗಾಯವಾಗಿತ್ತು. "ಹೌದಾ ಅಮ್ಮಾವ್ರೇ? ನೇಯೋವಾಗ ನಿಮ್ಮ ಕೈಗೂ ಚುಚ್ಚುತ್ತಾ?"

"ಚುಚ್ಚುತ್ತೆ."

"ಸದ್ಯ. ನಮಗೊಬ್ಬರಿಗೇ ಅಂದ್ಕೊಂಡಿದ್ದೆ."

ಮರುದಿನದಿಂದ ಹುಲ್ಡಾ ಬೆಳಕು ಹರಿಯುವವರೆಗೆ ಮಲಗಿದಳು. ಬಾವಿಯ ರಾಟೆಯ ಸದ್ದು ಹಾಸಿಗೆಯಲ್ಲೇ ಕೇಳುತ್ತಿತ್ತು. ಹಗ್ಗ ಎಳೆಯುತ್ತಿದ್ದುದು ಬೇರೆ ಯಾರದೋ ತೋಳು. ಇಷ್ಟು ವರ್ಷ ಸಬ್ರಾ ಅನುಭವಿಸಿದ್ದು ಇದನ್ನೇ ಎಂದು ಮೈಗೆ ಗೊತ್ತಾದಾಗ ಹೊಟ್ಟೆಯುರಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಆಮೇಲೆ ಆ ಉರಿ ಇನ್ನೊಂದು ಕಡೆಗೆ ತಿರುಗಿತು. ತಾಯಿ ಈಗ ಹುಲ್ಡಾಳನ್ನು ಕರೆಯುತ್ತಲೇ ಇರಲಿಲ್ಲ. ಬೈನಾ ಹೊರಳಿಸಿದರೆ ನೋವಿಲ್ಲ, ಬೈನಾ ಗಂಜಿ ಕುಡಿಸಿದರೆ ಬಿಸಿ ಹದ. "ಇಷ್ಟು ದಿನ ಎಲ್ಲಿದ್ಯೇ ಮಗಳೇ?" ಎಂದು ಮುದುಕಿ ಅವಳ ಕೈ ಹಿಡಿದು ಕೇಳಿದ್ದನ್ನು ಹುಲ್ಡಾ ಮಗ್ಗದ ಮುಂದೆ ಕೂತು ಕೇಳಿಸಿಕೊಂಡಳು. ಮೈಮೇಲಿನ ಬಟ್ಟೆಯೂ ಸ್ವಂತದ್ದಲ್ಲದ ಹೆಂಗಸಿನ ಮೇಲೆ ತನಗೆ ಅಸೂಯೆಯೇ? ನಾಚಿಕೆಯಾಯಿತು. ಆದರೂ ಎದ್ದುಹೋಗಿ, "ಮಡಕೆ ನೆಟ್ಟಗೆ ತೊಳೆದಿಲ್ಲ, ಇನ್ನೊಂದು ಸಲ ತೊಳಿ" ಎಂದಳು.

ಬೈನಾ ತೊಳೆದು ತಂದಿಟ್ಟು, ಅಂಗಿಗೆ ಕೈ ಒರೆಸಿಕೊಂಡು ಹೇಳಿದಳು: "ನಮ್ಮವ್ವ ಎರಡು ಹೊಲ ಆಚೆ ಕಾಯಿಲೆ ಬಿದ್ದು ಮಲಗಿದ್ಲು. ಅವಳನ್ನ ಹಿಂಗೆ ನೋಡ್ಕೊಳ್ಳೋಕೆ ಬಿಡ್ಲಿಲ್ಲ. ಅವಳು ಸಾಯೋವಾಗ ನಾನು ನಿಮ್ಮ ತಂಗಿ ಕಾಲು ಒತ್ತುತಿದ್ದೆ. ನಿಮ್ಮಮ್ಮನ್ನ ನಿಮ್ಮಿಂದ ಕಿತ್ಕೊಳ್ಳೋಕೆ ಬಂದಿಲ್ಲ ಅಮ್ಮಾವ್ರೇ."

ಹುಲ್ಡಾ ಮಗ್ಗಕ್ಕೆ ಮರಳಿದಳು. ಆ ದಿನ ನೇಯ್ದದ್ದರಲ್ಲಿ ಎಳೆಗಳು ತಪ್ಪಿದವು.

ಹಡಗಿನ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿ ಬೈನಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಪ್ರಾವಿಡೆನ್ಸ್ ಪಟ್ಟಣದಲ್ಲಿ ನಮ್ಮವರು ಇದ್ದಾರಂತೆ, ಯಾರ ಸೊತ್ತೂ ಅಲ್ಲದವರು. ನಾನು ಹೊರಟೆ. ಕೇಳಿದ್ರೆ ಏನ್ ಹೇಳ್ತೀರೋ ನಿಮಗೆ ಬಿಟ್ಟಿದ್ದು."

ಅವಳು ಬಡಗಣ ರಸ್ತೆ ಹಿಡಿದು ನಡೆದಳು. ಹುಲ್ಡಾ ತಡೆಯಲಿಲ್ಲ, ಒಂದು ರೊಟ್ಟಿಯನ್ನೂ ಕಟ್ಟಿಕೊಡಲಿಲ್ಲ. ಹಿಡಿದರೆ ಅವಳ ಗತಿ ಏನೆಂದು ಗೊತ್ತಿದ್ದೂ, ಬಾಗಿಲು ದಾಟಿ ಹಾಗೆ ನಡೆದುಬಿಟ್ಟಳಲ್ಲ ಎಂದು ಹುಲ್ಡಾ ಕರುಬಿದಳು.

ಸ್ವಲ್ಪ ಹೊತ್ತಿಗೇ ದೋಣಿಗಟ್ಟೆಯ ಬಾಡಿಗೆ ಗಾಡಿ ಬಂದು ನಿಂತಿತು. ಹೇಳಿದ್ದ ದಿನಕ್ಕಿಂತ ಮೊದಲೇ ಸಬ್ರಾ ಬಂದಿದ್ದಳು. ಬೈನಾ ಮನೆಯಲ್ಲಿಲ್ಲವೆಂದು ತಿಳಿಯಲು ಅವಳಿಗೆ ಅಕ್ಕನ ಮುಖವೇ ಸಾಕಾಯಿತು.

"ಓಡಿಹೋದ್ಲಾ? ಯಾವ ಕಡೆ? ಅಕ್ಕಾ, ನಿಂಗೆ ಗೊತ್ತು, ಹೇಳು." ಆಮೇಲೆ ದನಿ ತಗ್ಗಿಸಿ ಕೈ ಹಿಡಿದಳು. "ನೋಡು, ಸಿಕ್ಕಿದ್ರೆ ನಾನು ಕರ್ಕೊಂಡು ಹೋಗಲ್ಲ. ಇಲ್ಲೇ ಬಿಟ್ಟು ಹೋಗ್ತೀನಿ, ನಿನಗೇ ಇರ್ಲಿ. ನೀನು ದುಡಿದಿದ್ದು ಸಾಕು."

ಒಳಗಿನಿಂದ ತಾಯಿಯ ದನಿ: "ಬೈನಾ! ಬೈನಾ ಎಲ್ಲೇ?"

"ಬಂದೆ ಅಮ್ಮಾ" ಎನ್ನುತ್ತ ಸಬ್ರಾ ಒಳಗೆ ಹೋದಳು. ಗಾಡಿಯವನು ಲಗಾಮು ಕೈಗೆ ಸುತ್ತಿಕೊಂಡು, "ಯಾವ ಕಡೆ ಹೊಡೀಲಿ ತಾಯೀ? ಹೇಳಿದ್ರೆ ಈಗ್ಲೇ ಹಿಡ್ಕೊಂಡು ಬರ್ತೀನಿ" ಎಂದ.

ಎಲ್ನಾಥನ್ ಗಿರಣಿಯಲ್ಲಿದ್ದ. ಅಂಗಳದಲ್ಲಿ ಹುಲ್ಡಾ ಒಬ್ಬಳೇ. ಬದುಕಿಡೀ ತಂಗಿಯ ಬಳಿ ಕಂಡು ಕರುಬಿದ ಸುಖ ಬಡಗಣ ರಸ್ತೆಯಲ್ಲಿ, ಕುದುರೆ ಮುಟ್ಟುವಷ್ಟು ದೂರದಲ್ಲಿ ನಡೆದು ಹೋಗುತ್ತಿತ್ತು. ಒಂದು ಮಾತು ಆಡಿದರೆ ಅದು ತನ್ನದು. ಆಡದಿದ್ದರೆ ಸಬ್ರಾ ಏನನ್ನೋ ಕಳೆದುಕೊಳ್ಳುತ್ತಾಳೆ, ಹುಟ್ಟಿದಂದಿನಿಂದ ಮೊದಲ ಸಲ. ಆ ಯೋಚನೆ ಸಿಹಿಯಾಗಿತ್ತು, ಅಷ್ಟು ಸಿಹಿಯಾಗಿದ್ದಕ್ಕೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಬೈನಾಳ ಕೊರಳಿನ ಗಾಯವೂ ಕಣ್ಣಮುಂದೆ ಇತ್ತು. ಯಾವುದು ಎಷ್ಟು ಎಂದು ಬಿಡಿಸಿ ನೋಡಲು ಪುರುಸೊತ್ತಿರಲಿಲ್ಲ. ಕುದುರೆ ಕಾಲು ಕೆರೆಯುತ್ತಿತ್ತು.

ಹುಲ್ಡಾ ಕೈಯೆತ್ತಿ ತೆಂಕಣಕ್ಕೆ, ಸಮುದ್ರದ ಕಡೆ ತೋರಿಸಿದಳು.

"ಆ ಕಡೆ, ಉಪ್ಪುನೀರಿನ ಕೆರೆಗಳ ಹತ್ರ ಹೋದ್ಲು" ಎಂದಳು. "ಬೇಗ ಹೊಡಿ."